ಆಯಿ ಮನೆಯಿಂದ ಬಂದ ಡಬ್ಬಿ

ಚಿಗವ್ವ ಆ ದಿನ ಬಳೆ ಒಡೆದುಕೊಂಡಳೋ ಇಲ್ಲವೋ, ನನಗೆ ಖಚಿತವಿಲ್ಲ. ಚೆಲ್ಲಿದ ಅಕ್ಕಿಯ ನಡುವೆ ಹಸಿರು ಗಾಜಿನ ಚೂರು ಹೊಳೆದದ್ದನ್ನು ನಾನು ಕಂಡಿದ್ದೇನೆ. ಅವ್ವ ಮಾತ್ರ ಅಂಥದ್ದೇನೂ ಆಗಲಿಲ್ಲ ಎನ್ನುತ್ತಾಳೆ. ಆಗ ನನಗೆ ಒಂಬತ್ತು ವರ್ಷ. ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದೆ. ಒಬ್ಬನೇ ಸಾಕ್ಷಿಯ ಮಾತನ್ನು, ಅದರಲ್ಲೂ ಹೆದರಿದವನ ಮಾತನ್ನು, ಹಾಗೆಯೇ ಬರೆದುಕೊಳ್ಳಬಾರದು ಎಂದು ಅಲ್ಲಿ ಕಲಿಸಿದರು. ಇಲ್ಲಿ ಆ ಸಾಕ್ಷಿ ನಾನೇ. ಕೇಳೋಣವೆಂದರೆ ಚಿಗವ್ವ ಇಲ್ಲ.

ಅವಳು ತೀರಿಕೊಂಡದ್ದು ಔರಂಗಾಬಾದಿನಲ್ಲಿ, ಈಗ ಸಂಭಾಜಿನಗರ ಎನ್ನುವ ಊರಿನಲ್ಲಿ. ಮಣ್ಣು ಮಾಡಿ ಬಂದ ಮಧ್ಯಾಹ್ನ ಪಕ್ಕದ ಮನೆಯ ಹೆಂಗಸು ಸದ್ದಿಲ್ಲದೆ ಒಳಗೆ ಬಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ಝುಣಕದ ವಾಸನೆ ಎದ್ದಿತು. ಹುರಿದ ಕಡಲೆಹಿಟ್ಟು, ಸೀದ ಬೆಳ್ಳುಳ್ಳಿ, ಹಸಿ ಈರುಳ್ಳಿ, ಅದರ ಕೆಳಗೆ ಬಿಸಿ ರೊಟ್ಟಿಯ ಹಬೆ. ಹಸಿದಿದ್ದ ನನಗೆ ಬಾಯಲ್ಲಿ ನೀರೂರಬೇಕಿತ್ತು. ನಾನು ಗೋಡೆಯ ಕಡೆಗೆ ಸರಿದು ಕುಳಿತೆ. ಇಪ್ಪತ್ತೈದು ವರ್ಷದ ಹಿಂದಿನ ನಾಸಿಕದ ಪಡಸಾಲೆ ಆ ಡಬ್ಬಿಯೊಳಗಿಂದಲೇ ಎದ್ದು ಬಂದಂತಾಯಿತು.

ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿ ವಿಜಾಪುರ ಕಡೆಯಿಂದ ವರ್ಗವಾಗಿ ನಾಸಿಕಕ್ಕೆ ಬಂದವನು. ನಾಸಿಕ ರೋಡಿನ ಬಾಡಿಗೆ ಮನೆ: ಎರಡು ಕೋಣೆ, ಒಂದು ಉದ್ದನೆಯ ಪಡಸಾಲೆ, ಅದರ ಕಿಟಕಿಗೆ ಸಡಿಲವಾದ ಗಾಜು. ಅಪ್ಪನ ತಮ್ಮ, ನನ್ನ ಕಾಕಾ, ಸೈನ್ಯದಲ್ಲಿ ಹವಾಲ್ದಾರ. ಆಗ ಕಾಶ್ಮೀರದ ಗಡಿಯಲ್ಲಿದ್ದ. ಅವನ ಹೆಂಡತಿ ಚಿಗವ್ವ ನಮ್ಮ ಜೊತೆಯೇ ಇದ್ದಳು. ಪಕ್ಕದ ದೇವಳಾಲಿಯ ಸೈನ್ಯದ ಮೈದಾನದಲ್ಲಿ ತೋಪಿನ ಅಭ್ಯಾಸ ನಡೆದಾಗಲೆಲ್ಲ ನಮ್ಮ ಕಿಟಕಿಯ ಗಾಜು ಝಲ್ಲೆನ್ನುತ್ತಿತ್ತು. ಉಳಿದವರಿಗೆ ಅದು ಲಾರಿ ಹೋದಷ್ಟೇ ಮಾಮೂಲಿ. ಚಿಗವ್ವ ಮಾತ್ರ ಪ್ರತಿ ಸಲವೂ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಸದ್ದು ನಿಂತ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಕಾಕಾನ ಫೋನು ಭಾನುವಾರ ಬೆಳಿಗ್ಗೆ ಮೂಲೆಯ ಹೋಟೆಲಿಗೆ ಬರುತ್ತಿತ್ತು. ಆ ಹೋಟೆಲಿನ ಪದ್ಮಕ್ಕ ಕರಾವಳಿಯ ಕಡೆಯವರು. ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಬೀದಿಗೇ ಬಂದು ನಿಂತು, "ಬಾ ಮಾರಾಯ್ತಿ, ನಿನ್ನ ಗಂಡನ ಮೀಟರ್ ಓಡ್ತಾ ಉಂಟು," ಎಂದು ಕರೆಯುತ್ತಿದ್ದರು. ಚಿಗವ್ವ ನಾಚಿಕೊಂಡು ಸೆರಗು ಸರಿಪಡಿಸುತ್ತಾ ಓಡುತ್ತಿದ್ದಳು.

ಆ ವರ್ಷ ಎರಡು ಬೀದಿ ಆಚೆಯ ಹುಡುಗನೊಬ್ಬ ಗಡಿಯಲ್ಲಿ ಸತ್ತ. ಮರಾಠಿ ಮನೆ, ಅವನ ತಾಯಿಯನ್ನು ಇಡೀ ಕಾಲೊನಿ ಆಯಿ ಎಂದೇ ಕರೆಯುತ್ತಿತ್ತು. ಹೂ ಮುಚ್ಚಿದ ಸೈನ್ಯದ ಟ್ರಕ್ಕು ಬಂದ ದಿನ ಅಂಗಡಿಗಳ ಶಟರ್ ತಾವಾಗಿಯೇ ಇಳಿದವು. ಶಾಲೆಯ ಮಕ್ಕಳನ್ನು ರಸ್ತೆಯ ಎರಡೂ ಬದಿಗೆ ನಿಲ್ಲಿಸಿದ್ದರು. ನಾನೂ ಕಾಗದದ ಬಾವುಟ ಹಿಡಿದು "ಅಮರ್ ರಹೇ" ಎಂದು ಕೂಗಿದೆ. ಕೂಗುತ್ತಾ ಕೂಗುತ್ತಾ ಟ್ರಕ್ಕಿನ ಮೇಲಿನ ಫೋಟೋದಲ್ಲಿ ಕಾಕಾನ ಮೀಸೆ ಕಂಡಂತಾಗಿ ದನಿ ನಿಂತುಹೋಯಿತು. ಚಿಗವ್ವ ಬಂದಿರಲಿಲ್ಲ. ಕಿಟಕಿ ಹಾಕಿಕೊಂಡು ಒಳಗೇ ಕುಳಿತಿದ್ದಳು.

ಮರುದಿನದಿಂದ ನಮ್ಮ ಕನ್ನಡದ ಹೆಂಗಸರು, ಭಜನೆಗೆಂದು ಸೇರುತ್ತಿದ್ದ ಐದಾರು ಮಂದಿ, ಆಯಿ ಮನೆಗೆ ಬುತ್ತಿ ಒಯ್ಯತೊಡಗಿದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅಡಿಗೆ ಒಯ್ಯಬೇಕು. ಹಾಗೆ ಹೋದವರು ಬಾಗಿಲಲ್ಲಿ ನಿಂತು ಕೂಗುವುದಿಲ್ಲ, ಹೇಗಿದ್ದೀರಿ ಎಂದು ಕೇಳುವುದಿಲ್ಲ. ಸುಮ್ಮನೆ ಒಳಗೆ ಹೋಗಿ ಕುಳಿತು, ಡಬ್ಬಿ ಇಟ್ಟು, ಹೇಳದೆಯೇ ಎದ್ದು ಬರುತ್ತಾರೆ. ಡಬ್ಬಿಯೂ ಖಾಲಿಯಾಗಿಯೇ ಹಿಂದಕ್ಕೆ ಬರುತ್ತದೆ. ಬೇರೆ ಮನೆಗಳಿಂದಾದರೆ ಯಾರೂ ಬರಿ ಡಬ್ಬಿ ಕಳಿಸುವುದಿಲ್ಲ, ಒಂದು ಮುಷ್ಟಿ ಸಕ್ಕರೆಯಾದರೂ ಇರುತ್ತದೆ. ಹದಿಮೂರು ದಿನ ಹೀಗೆ ನಡೆಯಿತು. ಹದಿಮೂರನೆಯ ದಿನ ಚೌಕದಲ್ಲಿ ಹುಡುಗನ ಹೆಸರಿನ ಕಲ್ಲು ನಿಲ್ಲಿಸಿದರು. ಅಲ್ಲಿ ಆಯಿ ಮೈಕು ಹಿಡಿದು, ನನಗೆ ಮಾಡಿದ್ದು ಸಾಕು, ಇನ್ನು ಮಗನ ದಾರಿ ಕಾಯುತ್ತಿರುವ ಮನೆಗಳನ್ನು ನೋಡಿಕೊಳ್ಳಿ, ಎಂದಳಂತೆ. ಎಲ್ಲರೂ ಒಪ್ಪಿದರು. ಗ್ಯಾಸ್ ಸಿಲಿಂಡರ್ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ವಾರಕ್ಕೊಮ್ಮೆ ಊಟ. ನಮ್ಮ ಓಣಿಯಲ್ಲಿ ಮೊದಲ ಮನೆ ನಮ್ಮದು.

ಅದರ ಹಿಂದಿನ ಭಾನುವಾರ ಕಾಕಾನ ಫೋನು ಬಂದಿರಲಿಲ್ಲ. ಇದು ಆ ಹೆಂಗಸರಿಗೆ ನೆನಪಿರಲಿಲ್ಲ. ಚಿಗವ್ವನಿಗೆ ಬೇರೇನೂ ನೆನಪಿರಲಿಲ್ಲ.

ಕಲ್ಲು ನಿಲ್ಲಿಸಿದ ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಅವ್ವ ಬಜಾರಿಗೆ ಹೋಗಿದ್ದಳು. ಚಿಗವ್ವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು, ಜ್ವರ ಬಿಟ್ಟಿದ್ದ ನಾನು ಪಕ್ಕದಲ್ಲಿ ಮಲಗಿದ್ದೆ. ಬಾಗಿಲು ತೆರೆದೇ ಇತ್ತು. ಮೊದಲು ಪದ್ಮಕ್ಕ ಬಂದರು, ಕೈಯಲ್ಲಿ ಆಯಿ ಮನೆಗೆ ಒಯ್ಯುತ್ತಿದ್ದ ಅದೇ ಡಬ್ಬಿ. ಅವರ ಹಿಂದೆ ಉಳಿದವರು. ಕೊನೆಗೆ ಆಯಿ. ಯಾರೂ ಕೂಗಲಿಲ್ಲ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಒಬ್ಬರಾದ ಮೇಲೆ ಒಬ್ಬರು ಬಂದು ಗೋಡೆಗೆ ಒರಗಿ ಕುಳಿತರು. ಪದ್ಮಕ್ಕ ಡಬ್ಬಿಯನ್ನು ನೆಲದ ಮೇಲಿಟ್ಟರು. ಝುಣಕದ ವಾಸನೆ ಬಂತು.

ಚಿಗವ್ವ ಅವರೆಲ್ಲರ ಮುಖ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಯಾವತ್ತ ಆತ್ರಿ?"

ಮೊರ ಜಾರಿತು. ಇಲ್ಲಿಂದ ಮುಂದಿನದನ್ನು ನಾನು ನಂಬುವುದಿಲ್ಲ. ನನ್ನ ನೆನಪಿನಲ್ಲಿ ಅವಳು ಎರಡೂ ಕೈಯನ್ನು ಹೊಸ್ತಿಲಿಗೆ ಬಡಿಯುತ್ತಾಳೆ. ಆದರೆ ಅವಳು ಕುಳಿತಿದ್ದ ಜಾಗದಿಂದ ಹೊಸ್ತಿಲು ದೂರವಿತ್ತು. ಪದ್ಮಕ್ಕ ಅವಳ ಕೈ ಹಿಡಿದುಕೊಂಡದ್ದು ಮಾತ್ರ ನಿಜವಿರಬೇಕು, ಅವರ ಆ ಬೆದರಿದ ದನಿ ಕಿವಿಯಲ್ಲಿದೆ: "ಎಂತದೂ ಆಗ್ಲಿಲ್ಲ ಮಾರಾಯ್ತಿ, ಊಟ ತಂದದ್ದು, ಊಟ ಅಷ್ಟೇ." ಆಯಿ ಮರಾಠಿಯಲ್ಲಿ, "ಪೋರೀ, ತಸಂ ಕಾಹೀ ನಾಹೀ," ಎಂದಳು. ಮಗಳೇ, ಹಾಗೇನೂ ಇಲ್ಲ. ಚಿಗವ್ವ ನಂಬಲಿಲ್ಲ. ಇಂಥ ಸುದ್ದಿಯನ್ನು ಮೊದಲು ಇಲ್ಲ ಎಂದೇ ಹೇಳುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಅವ್ವ ಬಂದಳು. ಬಾಗಿಲ ಮುಂದಿನ ಚಪ್ಪಲಿ ನೋಡಿ ಅವಳೂ ಅದನ್ನೇ ಎಣಿಸಿರಬೇಕು. ವಿಷಯ ತಿಳಿದ ಮೇಲೆ ಕಾಯಿಪಲ್ಲೆಯ ಚೀಲ ಕುಕ್ಕಿದಳು. "ಬುದ್ಧಿ ಎಲ್ಲಿಟ್ಟೀರಿ ಪದ್ಮಕ್ಕಾರ? ಒಂದ್ ಕೂಗಿಲ್ಲ, ಒಂದ್ ಮಾತಿಲ್ಲ, ಸತ್ತ ಮನೀಗೆ ಬಂದಂಗ ಬಂದು ಕುಂತ್ರ ಆಕಿ ಏನಂತ ತಿಳೀಬೇಕ್ರಿ?"

"ಹದಿಮೂರು ದಿನ ಹಾಗೇ ಹೋಗಿ ಹೋಗಿ ಅಭ್ಯಾಸ ಆಯ್ತು," ಎಂದರು ಪದ್ಮಕ್ಕ. ಅವರ ಕಣ್ಣಲ್ಲಿ ನೀರಿತ್ತು. "ಕೂಗ್ಬೇಕು ಅಂತ ನೆನಪೇ ಆಗ್ಲಿಲ್ಲ ನೋಡಿ."

ಡಬ್ಬಿ ನಡುವೆಯೇ ಇತ್ತು. ಅದನ್ನು ಒಳಗೆ ಒಯ್ಯಲು ಅವ್ವನಿಗೂ ಧೈರ್ಯವಾಗಲಿಲ್ಲ. ಉಂಡರೆ ನಿಜವಾಗಿಬಿಟ್ಟರೆ? ಆಗ ಆಯಿ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ರೊಟ್ಟಿ ಮುರಿದು, ಝುಣಕ ಹಚ್ಚಿ ತಿನ್ನತೊಡಗಿದಳು. ನಿಧಾನವಾಗಿ, ನೀರೂ ಕೇಳದೆ. ಈ ಊಟದಿಂದಾಗುವ ಕೇಡೆಲ್ಲ ನನ್ನ ಮನೆಯಲ್ಲೇ ಆಗಿ ಮುಗಿದಿದೆ, ಇದರಲ್ಲಿ ಇನ್ನೇನೂ ಉಳಿದಿಲ್ಲ, ಎಂಬರ್ಥದ ಮಾತು ಆಡಿದಳು. ಚಿಗವ್ವ ಅವಳ ಬಾಯನ್ನೇ ನೋಡುತ್ತಾ ಕುಳಿತಿದ್ದಳು. ಕೊನೆಗೆ ಕೈ ಚಾಚಿ ಒಂದು ತುತ್ತು ತೆಗೆದುಕೊಂಡಳೋ ಏನೋ. ಅವ್ವ ಹೌದು ಎನ್ನುತ್ತಾಳೆ. ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ.

ಅಪ್ಪ ಹೋಟೆಲಿನ ಫೋನಿನಿಂದ ಯೂನಿಟ್ಟಿಗೆ ಎಷ್ಟು ಸಲ ಹಚ್ಚಿದರೂ ಲೈನು ಸಿಗಲಿಲ್ಲ. ಪ್ರತಿ ಸಲ ವಾಪಸು ಬಂದಾಗ ಬೀದಿಯ ತಿರುವಿನಿಂದಲೇ ತಲೆ ಅಲ್ಲಾಡಿಸುತ್ತಿದ್ದ. ತೋಪು ಹಾರಿದಾಗ ಕಿಟಕಿಯ ಗಾಜು ಝಲ್ಲೆನ್ನುತ್ತಿತ್ತು. ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ನಾನು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ಭಾನುವಾರ ಪದ್ಮಕ್ಕ ಬೀದಿಯಲ್ಲಿ ನಿಂತು ಕರೆದಾಗ ಇಡೀ ಓಣಿಯೇ ಹೋಟೆಲಿಗೆ ಓಡಿತು. ಕಾಕಾನಿಗೆ ಹಲ್ಲುನೋವು ಬಂದಿತ್ತಂತೆ. ಹೋದ ವಾರ ಬಾವು ಬಂದು ಬಾಯಿ ತೆರೆಯಲು ಆಗಿರಲಿಲ್ಲವಂತೆ. ಚಿಗವ್ವ ಬರಿ "ಹೂಂ" ಎನ್ನುತ್ತಿದ್ದಳು. ನಡೆದದ್ದನ್ನು ಅವನಿಗೆ ಯಾರೂ ಹೇಳಲಿಲ್ಲ. ಅವನು ಪೆನ್ಶನ್ ಪಡೆದು ಬಂದು ಅವಳ ಜೊತೆ ಔರಂಗಾಬಾದಿನಲ್ಲಿ ಬಾಳಿದ. ಅವಳಿಗಾಗಿ ಬಂದ ಬುತ್ತಿಯ ಮುಂದೆ ಮೊನ್ನೆ ಕುಳಿತಿದ್ದಾಗಲೂ ಅವನಿಗೆ ಗೊತ್ತಿರಲಿಲ್ಲ.

ನಾಸಿಕದ ಆ ಮನೆ ಈಗ ಇಲ್ಲ. ಅಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಆಯಿಯೂ ಇಲ್ಲ. ಕೇಳಲೆಂದೇ ನಾಸಿಕಕ್ಕೆ ಹೋದಾಗ ಹೋಟೆಲಿನಲ್ಲಿ ಪದ್ಮಕ್ಕ ಸಿಕ್ಕರು. ಬಳೆಯ ಮಾತು ಕೇಳಿದರೆ, "ಅದು ನಂಗೆ ನೆನಪಿಲ್ಲ ಮಾರಾಯಾ," ಎಂದರು. "ಡಬ್ಬಿ ನೆನಪುಂಟು. ಮರುದಿನವೇ ನಿನ್ನ ಚಿಗವ್ವ ತಂದುಕೊಟ್ಟಳು, ತುಂಬಾ ಸಕ್ಕರೆ. ಅವತ್ತು ಸಂಕಷ್ಟಿ, ನಂಗೆ ಉಪವಾಸ. ಆ ಸಕ್ಕರೆಯಲ್ಲೇ ಚಹಾ ಮಾಡಿ ಕುಡಿದೆ." ಅವ್ವನ ಪ್ರಕಾರ ಆ ಸಕ್ಕರೆ ಹೋದದ್ದು ಫೋನು ಬಂದ ಮೇಲೆ, ಭಾನುವಾರ ಸಂಜೆ. ಇಬ್ಬರಲ್ಲಿ ಒಬ್ಬರ ನೆನಪು ತಪ್ಪು.

ಚೌಕಕ್ಕೆ ಹೋಗಿ ಕಲ್ಲಿನ ಮೇಲೆ ಕೆತ್ತಿದ್ದ, ಅದನ್ನು ನಿಲ್ಲಿಸಿದ ತಾರೀಖು ಬರೆದುಕೊಂಡೆ. ಗ್ರಂಥಾಲಯದಲ್ಲಿ ಆ ವರ್ಷದ ಪಂಚಾಂಗ ಸಿಕ್ಕಿತು. ಕಲ್ಲು ನಿಲ್ಲಿಸಿದ್ದು ಮಂಗಳವಾರ, ಡಬ್ಬಿ ಬಂದದ್ದು ಬುಧವಾರ, ಅದರ ಮರುದಿನ, ಗುರುವಾರ, ಸಂಕಷ್ಟಿ. ಚಿಗವ್ವ ಡಬ್ಬಿಗೆ ಸಕ್ಕರೆ ತುಂಬಿದಾಗ ಫೋನು ಬರುವುದಕ್ಕೆ ಇನ್ನೂ ಮೂರು ದಿನ ಇತ್ತು.