ಅಂಗಡಿಯಲ್ಲಿ ಕೊಂಡ ಹಡಗುಗಳು

ಆ ಶಾಲೆಯ ಮಕ್ಕಳು ಲೈಬ್ರರಿ ಟೀಚರಿಗೆ ಇಟ್ಟ ಹೆಸರು ಮೆಣಸಿನಕಾಯಿ ಮಿಸ್. ಆಕೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಳೆಯ ಮೂಲೆ ಮಡಚಿದವರನ್ನು ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು. ಬೇಸಿಗೆ ರಜೆಯ ಓದಿನ ಸಾರಾಂಶಗಳನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು. ವರ್ಷ ವರ್ಷವೂ ಮಕ್ಕಳು ಪುಸ್ತಕದ ಹಿಂಬದಿಯಲ್ಲಿ ಅಚ್ಚಾದದ್ದನ್ನೇ ಭಟ್ಟಿ ಇಳಿಸಿ ತರುತ್ತಿದ್ದರು.

ಈ ಸಲ ಹೆಡ್‌ಮಾಸ್ಟರ ಬೆನ್ನು ಬಿದ್ದು ಸಾರಾಂಶ ರದ್ದು ಮಾಡಿಸಿದಳು. ಓದಿದ್ದಕ್ಕೆ ಮಕ್ಕಳು ತಮಗೆ ತೋಚಿದಂತೆ ಉತ್ತರ ಕೊಡಲಿ. ಚಿತ್ರ ಬರೆಯಲಿ, ಹಾಡು ಕಟ್ಟಲಿ, ಬೇಕಾದರೆ ಪುಸ್ತಕದ ಜೊತೆ ಜಗಳವಾಡಲಿ ಎಂದಳು. ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಈ ಸಲ ಹಡಗಿನ ಕಥೆಗಳನ್ನೇ ಆರಿಸಿ ಯಾವ ತರಗತಿಗೆ ಯಾವ ಪುಸ್ತಕ ಕೊಟ್ಟೆನೆಂದು ಗಂಡನ ಮುಂದೆ ಖುಷಿಯಾಗಿ ಹೇಳಿಕೊಂಡಳು. ಶಾಲೆಯ ತಿರುವಿನಲ್ಲಿ ಪೆನ್ನು ಪುಸ್ತಕದ ಅಂಗಡಿ ಇಟ್ಟಿದ್ದ ಗಂಡ, ಎಂದೂ ಇಲ್ಲದ ಹಾಗೆ ಕಿವಿಗೊಟ್ಟು ಕೇಳಿದ. ರಜೆಯಲ್ಲಿ ಹಿಂದಿನ ಕೋಣೆಯ ತುಂಬ ಥರ್ಮಾಕೋಲು ಬಂತು, ಅಂಟಿನ ವಾಸನೆ ಬಂತು. ಯಾವುದೋ ನಾಟಕದವರ ಆರ್ಡರ್ ಎಂದ. ಆಕೆ ನಂಬಿದಳು.

ಶಾಲೆ ತೆರೆದ ಮೇಲೆ ಪ್ರದರ್ಶನಕ್ಕೆ ಸಭಾಂಗಣ ಸಿದ್ಧವಾಯಿತು. ಮೇಜುಗಳ ಮೇಲೆಲ್ಲ ಹಡಗುಗಳು. ಎಲ್ಲದಕ್ಕೂ ಒಂದೇ ನೀಲಿ ಬಣ್ಣ, ಒಂದೇ ಅಳತೆಯ ಹಾಯಿ. ಹಡಗಿನಲ್ಲಿ ಯಾರಿದ್ದಾರೆ ಎಂದು ಒಬ್ಬ ಹುಡುಗಿಯನ್ನು ಕೇಳಿದರೆ ಅವಳು ಕಣ್ಣು ಕಣ್ಣು ಬಿಟ್ಟಳು. ಇದು ಎಲ್ಲಿ ಸಿಕ್ಕಿತು ಎಂದು ಗದರಿದಾಗ ಮೆಲ್ಲಗೆ ಹೇಳಿದಳು, "ನಿಮ್ಮನೆ ಅಂಗಡೀಲೇ, ಮಿಸ್."

ಆಕೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಪ್ರದರ್ಶನ ನಿಲ್ಲಿಸಿ ಎಂದಳು. ದೊಡ್ಡ ಹಡಗಿಗೆ ಮೊದಲ ಬಹುಮಾನ ಎಂದು ಅವರು ಆಗಲೇ ತೀರ್ಮಾನಿಸಿದ್ದರು. "ನೋಡೋಕೆ ಚೆನ್ನಾಗಿದೆಯಲ್ಲ ಮೇಡಂ, ಯಾರು ಮಾಡಿದ್ರೇನು?" ಎಂದು ನಕ್ಕರು.

ಆ ನಗು ಆಕೆಯ ಎದೆಯಲ್ಲಿ ಮುಳ್ಳಾಗಿ ನಿಂತಿತು. ಸೀದಾ ಅಂಗಡಿಗೆ ಬಂದಳು.

"ನಾನು ಕೊಡದಿದ್ರೆ ಎದುರಿನ ಅಂಗಡಿಯವನು ಕೊಡ್ತಿದ್ದ," ಎಂದ ಗಂಡ.

"ಪುಸ್ತಕದ ಹೆಸರು ಅವನಿಗೆ ಯಾರು ಹೇಳ್ತಿದ್ರು? ನನ್ನ ಬಾಯಿಂದಲೇ ಕೇಳ್ಕೊಂಡು ನನ್ನ ಕೆಲಸಾನೇ ಮಣ್ಣುಪಾಲು ಮಾಡಿದ್ರಲ್ಲ."

ಅವನು ತಲೆ ತಗ್ಗಿಸಿ ಪೆನ್ನುಗಳನ್ನು ಜೋಡಿಸತೊಡಗಿದ. ಆಕೆ ಅಂಗಡಿಯಿಂದ ಹೊರಟು ಹೋದಳು.

ಮರುದಿನ ತಂದೆ ತಾಯಂದಿರೆಲ್ಲ ಬಂದು ಕೂತರು. ಆಕೆ ಮೈಕು ಹಿಡಿದು, "ಈ ಹಡಗುಗಳನ್ನ ಮಾಡಿದ್ದು ನನ್ನ ಗಂಡ. ದುಡ್ಡು ಕೊಟ್ಟಿದ್ದು ನೀವು. ಮಕ್ಕಳು ಏನು ಮಾಡಿದ್ರು ಅಂತ ಈಗ ಕೇಳೋಣ," ಎಂದಳು. ಮೇಜುಗಳನ್ನು ಗೋಡೆಗೆ ತಳ್ಳಿಸಿ, ಪುಸ್ತಕ ಓದಿದವರು ಏನಾದರೂ ಹೇಳಿ ಎಂದು ಕಾದಳು. ಯಾರೂ ಏಳಲಿಲ್ಲ. ಹೆಡ್‌ಮಾಸ್ಟರ ಮುಖ ಕೆಂಪೇರಿತು.

ಆಗ ಹಿಂದಿನಿಂದ ಬೇರೊಬ್ಬ ಹುಡುಗಿ ಎದ್ದಳು. ಏನೂ ತಂದಿಲ್ಲವೆಂದು ಅವಳನ್ನು ಬೆಳಿಗ್ಗೆ ಕೊನೆಯ ಬೆಂಚಿಗೆ ಅಟ್ಟಿದ್ದರು. ಅವಳು ಓದಿದ ಕಥೆಯಲ್ಲಿ ಹಡಗಿನ ನಾಯಕ ತನ್ನ ಅಡುಗೆಯವನನ್ನು ದ್ವೀಪವೊಂದರಲ್ಲಿ ಬಿಟ್ಟು ಹೋಗುತ್ತಾನೆ. ಕೊನೆಗೆ ಅಡುಗೆಯವನು ಅವನನ್ನು ಕ್ಷಮಿಸುತ್ತಾನೆ. ಹುಡುಗಿ ತಾನೇ ಆ ಅಡುಗೆಯವನಾಗಿ, ದೊಡ್ಡ ಹಡಗಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನು ಕ್ಷಮಿಸಿದೆ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ನನ್ನನ್ನ ಒಂದು ಮಾತು ಕೇಳಿದ್ರಾ? ನಾನು ಕ್ಷಮಿಸಿಲ್ಲ," ಎಂದಳು.

ಇನ್ನೊಬ್ಬಳು ಎದ್ದು ನಾಯಕನ ಪರ ವಾದಕ್ಕಿಳಿದಳು. ಬಿರುಗಾಳಿಯಲ್ಲಿ ಅವನಾದರೂ ಏನು ಮಾಡಬೇಕಿತ್ತು ಎಂದಳು. ಮತ್ತೆ ಮೂವರು ಎದ್ದರು. ಸಭಾಂಗಣ ಸಂತೆಯಾಯಿತು. ಮೆಣಸಿನಕಾಯಿ ಮಿಸ್ ಯಾರನ್ನೂ ಸುಮ್ಮನಿರಿಸಲಿಲ್ಲ.

ಶಾಲೆಯ ಮಾನ ಹರಾಜು ಹಾಕಿದಳೆಂದು ಮುಂದಿನ ವಾರವೇ ಲೈಬ್ರರಿಯ ಬೀಗದ ಕೈ ಬೇರೆಯವರ ಪಾಲಾಯಿತು. ಗಂಡ ಉಳಿದ ಥರ್ಮಾಕೋಲನ್ನು ತಾನಾಗಿಯೇ ಹೊರಗೆ ಹಾಕಿದ. ಅವರ ನಡುವೆ ಮಾತು ಶುರುವಾಗಲು ಬಹಳ ದಿನ ಬೇಕಾಯಿತು. ಶುರುವಾದ ಮೇಲೂ ಶಾಲೆಯ ಸುದ್ದಿಯನ್ನು ಆಕೆ ಊಟದ ಹೊತ್ತಿಗೆ ತೆಗೆಯಲಿಲ್ಲ.

ಈಗ ಆಕೆ ಚೀಲದಲ್ಲಿ ತನ್ನ ಸ್ವಂತ ಪುಸ್ತಕಗಳನ್ನು ಹೊತ್ತು ತಂದು ಶಾಲೆಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಮಕ್ಕಳು ಅಲ್ಲಿಗೇ ಬಂದು ಕಥೆಗಳ ಮೇಲೆ ಜಗಳ ತೆಗೆಯುತ್ತಾರೆ. ಹೆಡ್‌ಮಾಸ್ಟರು ಹಾದುಹೋದರೆ ನಮಸ್ಕಾರಕ್ಕೆ ಆಕೆಯ ಕೈ ಏಳುತ್ತದೆ, ಮಾತು ಏಳುವುದಿಲ್ಲ.