ಒಂಬತ್ತನೇ ಕ್ಲಾಸಿನವಳು ಡಿಗ್ರಿ ತರಗತಿಗೆ ಬಂದದ್ದು

ಆ ತಾಯಿ ಅತ್ತಾವರದ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಗಿನ ಪಾಳಿ ಮುಗಿಸಿ ಮಗಳ ಶಾಲೆಗೆ ಹೋಗಿ, ಅವಳನ್ನು ಕರೆದುಕೊಂಡು ನೇರವಾಗಿ ನಮ್ಮ ಕಾಲೇಜಿನ ಗಣಿತ ವಿಭಾಗಕ್ಕೆ ಬಂದಿದ್ದರು. ಗಂಡ ಗಲ್ಫಿನಲ್ಲಿದ್ದಾರೆ, ಮನೆಯಲ್ಲಿ ತಾವು ಮತ್ತು ಮಗಳು ಇಬ್ಬರೇ ಎಂದು ಹೇಳಿಕೊಂಡರು. ಮಗಳು ಒಂಬತ್ತನೇ ಕ್ಲಾಸು. ಗಣಿತದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾಳೆಂದು ಶಾಲೆಯಿಂದ ಮೊದಮೊದಲು ದೂರು ಬಂದಿತ್ತಂತೆ. ಆಮೇಲೆ ಅದೇ ಗಣಿತದ ಟೀಚರ್ ತಾಯಿಯನ್ನು ಕರೆಸಿ, ಇವಳಿಗೆ ಕೊಡಲು ನನ್ನಲ್ಲಿ ಇನ್ನೇನೂ ಉಳಿದಿಲ್ಲ, ಕಾಲೇಜಿನವರಿಗೆ ಯಾರಿಗಾದರೂ ತೋರಿಸಿ ಎಂದರಂತೆ.

'ತೋರಿಸಿ' ಎಂಬ ಆ ಮಾತನ್ನು ತಾಯಿ ತಮ್ಮ ವೃತ್ತಿಯ ಅರ್ಥದಲ್ಲೇ ತೆಗೆದುಕೊಂಡಂತಿತ್ತು. ಸಣ್ಣ ಆಸ್ಪತ್ರೆಯವರು ದೊಡ್ಡ ಡಾಕ್ಟರರ ಹೆಸರು ಬರೆದುಕೊಟ್ಟಾಗ ರೋಗಿಯ ಕಡೆಯವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಹೆಮ್ಮೆಗಿಂತ ಹೆಚ್ಚಾಗಿ ಕಳವಳ. "ಮೇಡಂ, ಇವಳಿಗೆ ಎಂತ ಮಾಡಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ನೀವೊಮ್ಮೆ ನೋಡಿ" ಎಂದರು.

ಮಗಳು ಗೋಡೆಗೆ ತೂಗುಹಾಕಿದ್ದ ಟೈಮ್ ಟೇಬಲ್ ಓದುತ್ತಾ ನಿಂತಿದ್ದಳು. ಎರಡು ಜಡೆ, ಮೊಣಕೈಯಲ್ಲೊಂದು ಗಾಯದ ಪಟ್ಟಿ. ನಾನು ಇಂಥ ಮಕ್ಕಳನ್ನು ಕಂಡವಳೇ. ಮಗ್ಗಿಯನ್ನು ಹಿಂದುಮುಂದು ಹೇಳುವವರು, ದೊಡ್ಡ ದೊಡ್ಡ ಗುಣಾಕಾರವನ್ನು ಬಾಯಲ್ಲೇ ಮಾಡುವವರು ಆಗಾಗ ಬರುತ್ತಾರೆ. ತಂದೆತಾಯಿಗೆ ಒಂದೆರಡು ಒಳ್ಳೆಯ ಮಾತು ಹೇಳಿ ಕಳುಹಿಸುತ್ತೇವೆ. ಇವಳಿಗೂ ಹಾಗೇ ಒಂದು ಪ್ರಶ್ನೆ ಕೊಟ್ಟೆ. ಹಾಳೆಯ ಮೇಲೆ ನಿನಗೆ ಬೇಕಾದಷ್ಟು ಚುಕ್ಕಿ ಇಡು, ಎಲ್ಲವೂ ಒಂದೇ ಗೆರೆಯ ಮೇಲೆ ಬರಬಾರದು, ಅಷ್ಟೇ. ಆಗ ಎರಡೇ ಎರಡು ಚುಕ್ಕಿಗಳನ್ನು ಮಾತ್ರ ಮುಟ್ಟಿ ಹೋಗುವ ಗೆರೆ ಒಂದಾದರೂ ಸಿಕ್ಕೇ ಸಿಗುತ್ತದೆ. ಏಕೆ?

ಕೇಳಲು ಮಕ್ಕಳಾಟದಂತಿದೆ. ಆದರೆ ಈ ಪ್ರಶ್ನೆ ಹುಟ್ಟಿದ ಮೇಲೆ ಅದಕ್ಕೆ ಸಾಧನೆ, ಅಂದರೆ ಏಕೆಂಬುದರ ರುಜುವಾತು, ಸಿಗಲು ದಶಕಗಳೇ ಹಿಡಿದವು. ನಾನು ಸ್ವತಃ ಎಂ.ಎಸ್ಸಿ. ಮಾಡುವಾಗ ಅದನ್ನು ಪುಸ್ತಕದಲ್ಲಿ ಓದಿ ತಿಳಿದುಕೊಂಡವಳು. ಅವಳಿಗೆ ಇದು ಬಗೆಹರಿಯುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಸ್ವಲ್ಪ ದಿನ ತಲೆ ಕೆರೆದುಕೊಳ್ಳಲಿ, ಗಣಿತವೆಂದರೆ ಬರೀ ಲೆಕ್ಕವಲ್ಲ ಎಂದು ತಿಳಿಯಲಿ ಎಂದಷ್ಟೇ ಇತ್ತು.

ಮುಂದಿನ ವಾರ ಅವಳೊಬ್ಬಳೇ ಸಿಟಿ ಬಸ್ಸು ಹತ್ತಿ ಬಂದಳು. ಬೋರ್ಡಿನ ಮೇಲೆ ಬರೆಯಬಹುದೇ ಎಂದು ಕೇಳಿ ಒಂದು ಗೆರೆ ಎಳೆದು, ಅದರ ಹೊರಗೆ ಒಂದು ಚುಕ್ಕಿ ಇಟ್ಟಳು.

"ಮಿಸ್, ಚುಕ್ಕಿ ಚುಕ್ಕಿ ಸೇರಿಸಿ ಗೆರೆ ಎಳೆದ್ರೆ, ಯಾವ ಚುಕ್ಕಿ ಯಾವ ಗೆರೆಗೆ ಎಲ್ಲಕ್ಕಿಂತ ಹತ್ತಿರ ಉಂಟು ಅಂತ ಹುಡುಕಬೇಕು. ಗೆರೆ ಮೇಲೆ ಇರುವುದು ಬೇಡ, ಹೊರಗೆ ಇರುವುದು. ಅದಕ್ಕಿಂತ ಹತ್ತಿರ ಇನ್ನೊಂದು ಇರ್ಲಿಕ್ಕೆ ಸಾಧ್ಯ ಇಲ್ಲ ಅಲ್ವಾ?"

ನಾನು ಹೂಂ ಎಂದೆ. ಕೂತಲ್ಲಿಂದ ಎದ್ದು ಬೋರ್ಡಿನ ಹತ್ತಿರ ಬಂದೆ, ಏಕೆಂದರೆ ನಾನು ಪುಸ್ತಕದಲ್ಲಿ ಓದಿದ್ದ ದಾರಿಯೂ ಅದೇ.

"ಈಗ ಈ ಗೆರೆಯಲ್ಲಿ ಮೂರು ಚುಕ್ಕಿ ಉಂಟು ಅಂತ ಇಟ್ಟುಕೊಳ್ಳುವಾ. ಹಾಗಾದ್ರೆ ಇಲ್ಲಿ ನೋಡಿ, ಇನ್ನೂ ಹತ್ತಿರದ್ದು ಒಂದು ಸಿಕ್ತದೆ." ಹೊರಗಿನ ಚುಕ್ಕಿಯಿಂದ ಗೆರೆಯ ತುದಿಯ ಚುಕ್ಕಿಗೆ ಓರೆಯಾಗಿ ಇನ್ನೊಂದು ಗೆರೆ ಎಳೆದು, ನಡುವಿನ ಚುಕ್ಕಿ ಈ ಹೊಸ ಗೆರೆಗೆ ಎಷ್ಟು ಹತ್ತಿರವೆಂದು ತೋರಿಸಿದಳು. ಒಳಗೆ ಒಂದು ಪುಟ್ಟ ತ್ರಿಕೋನ ಮೂಡಿತು. "ಎಲ್ಲಕ್ಕಿಂತ ಹತ್ತಿರದ್ದಕ್ಕಿಂತ ಹತ್ತಿರ. ಅದು ಆಗುವುದಿಲ್ಲ. ಹಾಗಾಗಿ ಆ ಗೆರೆಯಲ್ಲಿ ಎರಡೇ."

ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿಕೊಂಡಳು. ಎಲ್ಲಿ ಓದಿದೆ ಎಂದು ಕೇಳಿದೆ. ಎಲ್ಲಿಯೂ ಇಲ್ಲ, ಶಾಲೆಯ ಕಾರಿಡಾರಿನ ನೆಲದಲ್ಲಿ ಕರಿಚುಕ್ಕಿಯ ಮೊಸಾಯಿಕ್ ಉಂಟು, ಅದನ್ನು ನೋಡುತ್ತಾ ಇದ್ದೆ ಎಂದಳು. ಸುಳ್ಳು ಹೇಳುತ್ತಿಲ್ಲವೆಂದು ಗೊತ್ತಾಗುತ್ತಿತ್ತು. ಓದಿ ಬಂದವರು ಪುಸ್ತಕದ ಭಾಷೆಯಲ್ಲಿ ಹೇಳುತ್ತಾರೆ. ಇವಳಿಗೆ ಆ ಭಾಷೆಯೇ ಗೊತ್ತಿರಲಿಲ್ಲ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದ್ದೇನೆ. ಒಂದು ಸತ್ಯ ಮನುಷ್ಯರೊಬ್ಬರ ತಲೆಯಲ್ಲಿ ತಾನಾಗಿ ಹುಟ್ಟಿದ್ದನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅವಳು ಹೋದ ಮೇಲೆ ಬೋರ್ಡು ಒರೆಸಲು ಮನಸ್ಸಾಗಲಿಲ್ಲ.

ನನ್ನ ತರಗತಿಯಲ್ಲಿ ಬಂದು ಕೂರು ಎಂದೆ. ಡಿಗ್ರಿ ಎರಡನೇ ವರ್ಷದವರಿಗೆ ನಾನು ರಿಯಲ್ ಅನಾಲಿಸಿಸ್, ಅಂದರೆ ಪ್ರತಿ ಹೆಜ್ಜೆಗೂ ಕಾರಣ ಕೊಟ್ಟು ಸಾಧಿಸಬೇಕಾದ ಗಣಿತ, ಕಲಿಸುತ್ತಿದ್ದೆ. ಯಾರನ್ನೂ ಕೇಳದೆ ಹಾಗೆ ಹೇಳಿಬಿಟ್ಟದ್ದು. ಸ್ವಲ್ಪ ದಿನ ನಡೆಯಿತು. ಆಮೇಲೆ ಗೇಟಿನ ವಾಚ್‌ಮನ್ ಶಾಲೆಯ ಯೂನಿಫಾರ್ಮಿನವಳನ್ನು ತಡೆದು ಆಫೀಸಿಗೆ ಕರೆದೊಯ್ದರು. ವಿಷಯ ಪ್ರಿನ್ಸಿಪಾಲರಿಗೆ ತಲುಪಿತು. ಅವರು ಗದರಲಿಲ್ಲ. ರೂಲ್ಸ್ ಪುಸ್ತಕ ತಿರುವಿಹಾಕಿ, "ಇದರಲ್ಲಿ ಉಂಟು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ ಮೇಡಂ. ಯಾರಿಗೂ ಇಂಥದ್ದೊಂದು ಬರಬಹುದು ಅಂತ ಹೊಳೆದೇ ಇಲ್ಲ. ನೀವೇ ಕೂತು ಒಂದು ನಿಯಮ ಮಾಡಿ" ಎಂದರು. ಪದವಿ ಕೊಡುವುದು ವಿಶ್ವವಿದ್ಯಾಲಯವೇ ಆದರೂ, ನಮ್ಮದು ಸ್ವಾಯತ್ತ ಕಾಲೇಜಾದ್ದರಿಂದ ತರಗತಿಗೆ ಯಾರನ್ನು ಕೂರಿಸಬಹುದು ಎಂಬಷ್ಟರ ಮಟ್ಟಿಗೆ ನಾವೇ ತೀರ್ಮಾನಿಸಬಹುದಿತ್ತು.

ವಿಭಾಗದ ಸಭೆಯಲ್ಲಿ ವಿರೋಧ ಬಂದದ್ದು ನಾನು ಎಣಿಸದ ಕಡೆಯಿಂದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಸಹೋದ್ಯೋಗಿ, ಬಿಜೈಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯವರು, ಗಣಿತವೆಂದರೆ ಊಟ ಬಿಡುವ ಮನುಷ್ಯ. ಆ ಹುಡುಗಿಯ ಸಾಧನೆಯನ್ನು ಬೋರ್ಡಿನ ಮೇಲೆ ಕಂಡು ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರೂ ಅವರೇ. ಆದರೆ ಸಭೆಯಲ್ಲಿ ಬೇಡವೆಂದರು. ಪಿ.ಯು. ಅಂಕ ನೋಡದೆ ಹೇಗೆ, ಹಾಜರಿ ಎಲ್ಲಿ ಹಾಕುವುದು, ನಾಳೆ ಇನ್ನೊಬ್ಬರು ಮಗುವನ್ನು ಕರೆತಂದರೆ ಏನೆಂದು ಹೇಳುವುದು ಎಂದು ಉಳಿದವರು ಕೇಳುತ್ತಿದ್ದ ಪ್ರಶ್ನೆಗಳು ಅವರದ್ದಾಗಿರಲಿಲ್ಲ. ಅವೆಲ್ಲ ಕೂತು ಬಗೆಹರಿಸಬಹುದಾದವು. ಅವರು ತಮ್ಮ ಕತೆ ಹೇಳಿದರು.

ಚಿಕ್ಕವರಿದ್ದಾಗ ಬಹಳ ಚುರುಕೆಂದು ಅವರನ್ನು ಎರಡು ತರಗತಿ ದಾಟಿಸಿ ಮುಂದೆ ಕೂರಿಸಿದ್ದರಂತೆ. ಊರಿಗೆಲ್ಲ ಸುದ್ದಿ, ಮನೆಯಲ್ಲಿ ಪಾಯಸ. ಆದರೆ ಹೊಸ ತರಗತಿಯ ಹುಡುಗರು ಅವರನ್ನು ಯಾವ ಆಟಕ್ಕೂ ಸೇರಿಸಿಕೊಳ್ಳಲಿಲ್ಲ. ಹಳೆಯ ಗೆಳೆಯರ ಬಳಿಗೆ ಹೋದರೆ, ನೀನೀಗ ದೊಡ್ಡವನಲ್ಲವಾ ಎಂದು ನಕ್ಕರು. "ಕಾಲೇಜು ಮುಗಿಯುವವರೆಗೆ ನನಗೆ ಒಬ್ಬ ಸ್ನೇಹಿತ ಅಂತ ಇರಲಿಲ್ಲ ಮಾರಾಯ್ರೆ. ಆ ಹುಡುಗಿಗೆ ಅದು ಬೇಡ" ಎಂದರು. ಇಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತವಳಾದರೂ ನನಗೆ ಈ ಸಂಗತಿ ತಿಳಿದಿರಲಿಲ್ಲ.

ಹುಡುಗಿಯನ್ನೇ ಕರೆದು ಕೇಳೋಣ ಎಂದು ನಾನು ಹೇಳಿದೆ. ತಾಯಿಯೂ ಬಂದರು. ಹಿರಿಯರು ತಮ್ಮ ಕತೆಯನ್ನು ಅವಳಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. ತಾಯಿಯ ಕಣ್ಣು ತುಂಬಿತು. ಕೊಂಕಣಿಯಲ್ಲಿ ಮಗಳ ಕಿವಿಯಲ್ಲಿ ಏನೋ ಅಂದರು, ಬಹುಶಃ ಬೇಡ ಬಿಡು ಎಂದಿರಬೇಕು. ಮಗಳು ಹಿರಿಯರನ್ನೇ ನೋಡುತ್ತಿದ್ದಳು.

"ಸರ್, ಹಾಗೆ ಮುಂದೆ ಹೋದಾಗ, ಗಣಿತ ಆದ್ರೂ ಚಂದ ಇತ್ತಾ?"

ಅವರು ಕನ್ನಡಕ ತೆಗೆದರು.

"ಚಂದ ಇತ್ತು ಮಗಾ" ಎಂದರು. "ಬೇರೆ ಎಂತದೂ ಅಷ್ಟು ಚಂದ ಇರಲಿಲ್ಲ."

ಬೇಡವೆಂದಿದ್ದ ಅವರೇ ಅಂದು ನಿಯಮ ಬರೆಯಲು ಕೂತರು. ನಾನು ಬರೆದಿದ್ದರೆ ಅವಳಿಗೆ ಬಾಗಿಲು ತೆರೆಯುವುದನ್ನು ಮಾತ್ರ ಬರೆಯುತ್ತಿದ್ದೆ. ಅವರು ಅದೇ ಬಾಗಿಲಿನಿಂದ ಹೊರಗೆ ಹೋಗುವುದನ್ನೂ ಬರೆದರು. ಅಂಥ ವಿದ್ಯಾರ್ಥಿ ತನ್ನ ಶಾಲೆಯನ್ನು ಬಿಡುವಂತಿಲ್ಲ. ಒಂದು ಸಲಕ್ಕೆ ಒಂದೇ ವಿಷಯ. ವಯಸ್ಸು, ಅಂಕ ಯಾವುದನ್ನೂ ನೋಡುವುದಿಲ್ಲ, ಕಲಿಸುವವರು ಕೂತು ಮಾತನಾಡಿಸಿ ಒಪ್ಪಬೇಕು. ಪರೀಕ್ಷೆ ಬರೆಯಬಹುದು, ಬರೆದರೆ ಎಲ್ಲರಂತೆಯೇ ಮೌಲ್ಯಮಾಪನ, ಚಿಕ್ಕವರೆಂದು ವಿನಾಯಿತಿಯಿಲ್ಲ. ಮುಂದೆ ನಮ್ಮಲ್ಲೇ ಪದವಿಗೆ ಸೇರಿದರೆ ಆ ವಿಷಯವನ್ನು ಮತ್ತೆ ಓದಬೇಕಾಗಿಲ್ಲ. ಯಾವ ದಿನ ಸಾಕೆನಿಸಿದರೂ ನಿಲ್ಲಿಸಬಹುದು, ನಿಲ್ಲಿಸಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಇನ್ನೊಂದು ಮಾತನ್ನು ಅವರು ಹಟ ಹಿಡಿದು ಸೇರಿಸಿದರು: ಆಟದ ಪೀರಿಯಡ್ ತಪ್ಪಿಸಿ ಬರುವಂತಿಲ್ಲ. ನಿಯಮಕ್ಕೆ ಒಪ್ಪಿಗೆ ಕೊಡುವ ಕಾಲೇಜಿನ ಕೌನ್ಸಿಲಿನಲ್ಲಿ ಕೆಲವರು ಅದನ್ನು ಕೇಳಿ ನಕ್ಕರು, ಆದರೆ ಹೊಡೆದುಹಾಕಲಿಲ್ಲ. ಶಾಲೆಯವರು ಗಣಿತದ ಪೀರಿಯಡ್ಡನ್ನು ದಿನದ ಕೊನೆಗೆ ಹಾಕಿ ಅವಳನ್ನು ಆ ಹೊತ್ತಿಗೆ ಬಿಟ್ಟುಕೊಟ್ಟರು. ನಾನು ನನ್ನ ತರಗತಿಯನ್ನು ಸಂಜೆಯ ಕಡೆಗೆ ಸರಿಸಿಕೊಂಡೆ.

ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದದ್ದು ಪಾಸಿಗಿಂತ ಸ್ವಲ್ಪವೇ ಹೆಚ್ಚು. ಉತ್ತರಪತ್ರಿಕೆ ನೋಡಿದವರು ಹಿರಿಯರೇ. ಪ್ರತಿ ಪ್ರಶ್ನೆಗೂ ಒಂದೋ ಎರಡೋ ಸಾಲು ಬರೆದಿದ್ದಳು. ಎಲ್ಲವೂ ಸರಿ, ಆದರೆ ನಡುವಿನ ಮೆಟ್ಟಿಲುಗಳಿಲ್ಲ. ಅವಳಿಗೆ ಕಾಣುವುದು ಬೇರೆಯವರಿಗೂ ಕಾಣುತ್ತದೆಂದು ಅವಳು ತಿಳಿದಿದ್ದಳು. ನಾನು ಒಳಗೊಳಗೇ ಚಡಪಡಿಸಿದೆ. ಹಿರಿಯರು ಮಾತ್ರ ಒಂದಂಕವನ್ನೂ ಏರಿಸಲಿಲ್ಲ. ಅವಳು ಪತ್ರಿಕೆಯನ್ನು ತಿರುಗಿಸಿ ನೋಡಿ, ಬೇಸರವೇನೂ ಇಲ್ಲದೆ, ಹೇಗೆ ಬರೆಯಬೇಕೆಂದು ಯಾರಲ್ಲಿ ಕೇಳಲಿ ಎಂದಳು.

ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ ಡಿಗ್ರಿ ಹುಡುಗಿಯೊಬ್ಬಳು ಆ ಕೆಲಸ ವಹಿಸಿಕೊಂಡಳು. ತರಗತಿ ಮುಗಿದ ಮೇಲೆ ಇಬ್ಬರೂ ಕ್ಯಾಂಟೀನಿನಲ್ಲಿ ಗೋಳಿಬಜೆಯ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದರು. ಚಿಕ್ಕವಳು ಒಂದು ಮಾತು ಹೇಳುವುದು, ದೊಡ್ಡವಳು "ಯಾಕೆ?" ಎಂದು ತಡೆಯುವುದು. ಮತ್ತೆ ಹೇಳುವುದು, ಮತ್ತೆ "ಯಾಕೆ?" ಕ್ರಮೇಣ ಆ ಮೇಜಿಗೆ ಇನ್ನಷ್ಟು ಮಂದಿ ಸೇರಿದರು. ಅಲ್ಲಿ ಕಲಿಸುವವರು ಯಾರು, ಕಲಿಯುವವರು ಯಾರು ಎಂದು ದೂರದಿಂದ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅವಳು ದೊಡ್ಡವರನ್ನೆಲ್ಲ ಅಕ್ಕ, ಅಣ್ಣ ಎನ್ನುತ್ತಿದ್ದಳು. ಅವರಿಗೆ ಅವಳೊಂದು ವಿಸ್ಮಯವಾಗಿ ಉಳಿಯಲಿಲ್ಲ, ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿ ಕಳುಹಿಸಬೇಕಾದ ತಂಗಿಯಾದಳು. ವಿಸ್ಮಯ ಉಳಿದದ್ದು ನನಗೆ. ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಅವಳ ಬರವಣಿಗೆ ಓದುತ್ತಿದ್ದಾಗ, ಹೊಸದಾಗಿ ಗುಡಿಸಿದ ಅಂಗಳದಲ್ಲಿ ನಡೆದಂತಾಯಿತು.

ಹತ್ತನೇ ಕ್ಲಾಸಿಗೆ ಬಂದಾಗ ಈ ವರ್ಷ ಬರುವುದಿಲ್ಲ ಎಂದಳು. ಬೋರ್ಡ್ ಪರೀಕ್ಷೆಯ ಹೆದರಿಕೆ ಇರಬಹುದೆಂದುಕೊಂಡೆ. ಅದಲ್ಲ, ಶಾಲೆಯ ಥ್ರೋಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾಳಂತೆ, ಸಂಜೆ ಪ್ರಾಕ್ಟೀಸ್ ಉಂಟಂತೆ. ನನಗೆ ಪೆಚ್ಚೆನಿಸಿತು. ಹಿರಿಯರಿಗೆ ಹೇಳಿದರೆ ಅವರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಮ್ಯಾಚಿನ ದಿನ ಹೋಗಿ ನೋಡಿಯೂ ಬಂದರು.

ಪಿ.ಯು. ಸೇರಿದ ಮೇಲೆ ಅವಳು ಮರಳಿ ಬಂದಳು, ಈಗ ಡಿಗ್ರಿಯವರ ಬೀಜಗಣಿತದ ಪಾಠಕ್ಕೆ. ಅದೇ ನಿಯಮದಡಿ ಇನ್ನಿಬ್ಬರು ಮಕ್ಕಳೂ ಬೇರೆ ಬೇರೆ ತರಗತಿಗಳಲ್ಲಿ ಕೂತಿದ್ದಾರೆ. ಅವಳು ಸೇರಿದ ಬೀಜಗಣಿತದ ಪಾಠದಲ್ಲಿ ಗ್ರೂಪ್ ಎಂಬುದೊಂದಿದೆ. ಒಂದು ಚೌಕವನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ಮಗುಚಿ ಮೊದಲಿದ್ದ ಹಾಗೆಯೇ ಕೂರಿಸಬಹುದು ಎಂದು ನೋಡಿದರೆ, ಆ ತಿರುವುಗಳೆಲ್ಲ ಸೇರಿ ಒಂದು ಗ್ರೂಪ್ ಆಗುತ್ತದೆ. ನಾನು ಚೌಕ, ತ್ರಿಕೋನ ಎಂದು ಉದಾಹರಣೆ ಕೊಡುತ್ತಿದ್ದಾಗ ಅವಳು ಕೈ ಎತ್ತಿದಳು. ಆಕೃತಿಯಿಂದ ಗ್ರೂಪ್ ಬರುತ್ತದೆ, ಸರಿ. ತಿರುಗಿಸಿ ಕೇಳಿದರೆ? ಯಾವುದೋ ಒಂದು ಗ್ರೂಪನ್ನು ಕೈಗೆ ಕೊಟ್ಟರೆ, ಅಷ್ಟೇ ತಿರುವುಗಳಿರುವ, ಹೆಚ್ಚೂ ಇಲ್ಲದ ಕಡಿಮೆಯೂ ಇಲ್ಲದ ಒಂದು ಚಿತ್ರ ಎಲ್ಲೋ ಇದ್ದೇ ಇರುತ್ತದಾ?

ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಆ ಸಂಜೆ ನಾನೂ ಹಿರಿಯರೂ ಕದ್ರಿ ಪಾರ್ಕಿನ ಬೆಂಚಿನಲ್ಲಿ ಕೂತು ಇದನ್ನೇ ಮಾತನಾಡಿದೆವು. ವಾಕಿಂಗ್‌ಗೆ ಬಂದವರು ನಮ್ಮ ಕೈಸನ್ನೆ ನೋಡಿ ಜಗಳವೆಂದುಕೊಂಡಿರಬೇಕು. ಮರುದಿನ ಲೈಬ್ರರಿಯಲ್ಲಿ ಹುಡುಕುತ್ತಾ ಹೋದಾಗ ಉತ್ತರ ಸಿಕ್ಕಿತು. ಎಷ್ಟೋ ವರ್ಷಗಳ ಹಿಂದೆ ಯಾವುದೋ ದೂರದ ದೇಶದಲ್ಲಿ ಒಬ್ಬರು ಇದೇ ಪ್ರಶ್ನೆಯ ಬೆನ್ನುಹತ್ತಿ, ಚುಕ್ಕಿ ಮತ್ತು ಗೆರೆಗಳಿಂದ ಅಂಥ ಚಿತ್ರ ಬರೆಯಬಹುದು, ಸೀಮಿತವಾದ ಯಾವ ಗ್ರೂಪಿಗೂ ಬರೆಯಬಹುದು ಎಂದು ಸಾಧಿಸಿದ್ದರು.

ನನಗೆ ಸ್ವಲ್ಪ ಅಳುಕಿತ್ತು. ತಾನು ಕಂಡದ್ದನ್ನು ಇನ್ನೊಬ್ಬರು ಮೊದಲೇ ಕಂಡಿದ್ದರೆಂದು ತಿಳಿದು ಸಪ್ಪಗಾದ ಚುರುಕಿನ ಮಕ್ಕಳನ್ನು ನೋಡಿದ್ದೇನೆ. ತರಗತಿ ಖಾಲಿಯಾದ ಮೇಲೆ ಅವಳನ್ನು ಕರೆದು ಆ ಪುಟ ತೋರಿಸಿದೆ. ಅವಳು ಬಗ್ಗಿ ಓದಿದಳು, ತುಂಬ ಹೊತ್ತು ಓದಿದಳು. ತಲೆ ಎತ್ತಿದಾಗ, ಬಸ್ ಸ್ಟ್ಯಾಂಡಿನ ಜನಜಂಗುಳಿಯಲ್ಲಿ ಪರಿಚಯದ ಮುಖ ಕಂಡಾಗ ಅರಳುತ್ತದಲ್ಲ, ಹಾಗೆ ಅರಳಿತ್ತು ಮುಖ.

"ಹಾಗಾದ್ರೆ ನನ್ನ ಹಾಗೆ ಇವರಿಗೂ ಈ ಡೌಟ್ ಬಂದಿತ್ತಾ ಮಿಸ್?" ಎಂದಳು.

ಬಂದಿತ್ತು ಎಂದೆ. ಅವಳು ಆ ಪುಸ್ತಕವನ್ನು ಮನೆಗೆ ಕೊಂಡುಹೋಗಬಹುದೇ ಎಂದು ಕೇಳಿ, ಎದೆಗವಚಿಕೊಂಡು ಕಾರಿಡಾರಿನುದ್ದಕ್ಕೂ ಓಡಿದಳು. ಮೆಟ್ಟಿಲ ಬಳಿ ಹೊಸ ತರಗತಿಯ ಅವಳ ಅಕ್ಕಂದಿರು ಕಾಯುತ್ತಿದ್ದರು.