ಆಫ್ ಮಾಡಿ ನೋಡಿ ಎನ್ನುತ್ತಿದ್ದವರು

ಹುಣಸೂರಿನ ಬಜಾರಿನಲ್ಲಿ ಒಬ್ಬ ರೇಡಿಯೋ ರಿಪೇರಿ ಸಾಹೇಬರಿದ್ದರು. ರಿಪೇರಿಯಾದದ್ದನ್ನು ಆನ್ ಮಾಡಿ ತೋರಿಸಿದಷ್ಟಕ್ಕೇ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಈಗ ಆಫ್ ಮಾಡಿ ನೋಡಿ" ಎನ್ನುತ್ತಿದ್ದರು.

ನನ್ನ ಮೊಮ್ಮಗಳು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನಲ್ಲಿ ಕೊನೆಯ ಕೋಟೆ ಗೆದ್ದಿದ್ದಳು. ಆಫ್ ಮಾಡಿದೊಡನೆ ಗೆದ್ದದ್ದೆಲ್ಲ ಅಳಿಸಿಹೋಗಿತ್ತು. "ಸುಳ್ಳಿ ಕಣೇ ನೀನು" ಎಂದು ಅವಳಣ್ಣ ದಿನವೂ ರೇಗಿಸುತ್ತಿದ್ದ. ಅವಳು ಊಟ ಬಿಟ್ಟು ಕುಳಿತಳು. ಇಬ್ಬರನ್ನೂ ಸಾಹೇಬರ ಅಂಗಡಿಗೆ ಕರೆದೊಯ್ದೆ.

ಅವರು ಗೇಮಿನ ಬೆನ್ನಿಗೆ ಸಿಕ್ಕಿಸುವ, ಆಟ ತುಂಬಿದ ಬಿಲ್ಲೆಯನ್ನು ಬಿಚ್ಚಿದರು. "ನಕಲಿ ಮಾಲು ಕಣಮ್ಮಾ. ಆಟ ನೆನಪಿಟ್ಕೊಳ್ಳೋ ಸೆಲ್ಲೇ ಸತ್ತೋಗೈತೆ."

"ಹೊಗೆಸೊಪ್ಪಿನ ಬೇಲಲ್ಲೂ ಅಂಗೇ ಮಾಡ್ತಾರೆ ಸಾಹೇಬ್ರೆ. ಮ್ಯಾಲೆ ಚಿನ್ನದಂಥ ಎಲೆ, ಒಳಗೆ ಕಸ," ಎಂದೆ, ಹೊಗೆಸೊಪ್ಪು ಬೆಳೆದು ಪಿಂಡಿ ಕಟ್ಟಿ ಮಾರುವ ನಾನು.

ಅವರು ನಗುತ್ತಲೇ ಹೊಸ ಸೆಲ್ ಬೆಸೆದರು. ಮೊಮ್ಮಗಳು ಅಲ್ಲೇ ಸ್ಟೂಲಿನ ಮೇಲೆ ಕುಳಿತು, ಸಂಜೆಯೊಳಗೆ ಮೊದಲಿನಿಂದ ಆಡಿ ಮತ್ತೆ ಕೋಟೆ ಗೆದ್ದು, ಗೆದ್ದವರ ಜಾಗದಲ್ಲಿ ತನ್ನ ಹೆಸರು ಒತ್ತಿದಳು. ಸಾಹೇಬರು ಗೇಮನ್ನು ಅವಳಣ್ಣನ ಕೈಗಿಟ್ಟರು.

"ಈಗ ನೀನೇ ಆಫ್ ಮಾಡಿ ನೋಡಪ್ಪಾ."

ಅವನು ಆಫ್ ಮಾಡಿ ಮತ್ತೆ ಆನ್ ಮಾಡಿದ. ಕೋಟೆಯ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಏನೋ ಹೊಳೆಯಿತು. ನನಗೆ ಆ ಅಕ್ಷರ ಬಾರದು.

"ಗೆದ್ದೋರ ಹೆಸರೇನ್ಲಾ ಅದು? ಜೋರಾಗಿ ಓದು, ಬಜಾರೆಲ್ಲ ಕೇಳ್ಲಿ," ಎಂದೆ.

ಅವನು ತಂಗಿಯ ಹೆಸರನ್ನು ಓದಿದ. ನಾನು ಇನ್ನೊಮ್ಮೆ ಓದಿಸಿದೆ.